ಎಂಬತ್ತೊಂಬತ್ತು ತಲೆ ಕಡಿಮೆ

2020ರ ಜನಗಣತಿಯಲ್ಲಿ ನ್ಯೂಯಾರ್ಕ್ ರಾಜ್ಯದ ಲೆಕ್ಕ 2 ಕೋಟಿ 2 ಲಕ್ಷ ದಾಟಿತು. ಹತ್ತು ವರ್ಷದ ಹಿಂದಿನದಕ್ಕಿಂತ ಎಂಟು ಲಕ್ಷ ಹೆಚ್ಚು. ಆದರೂ ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಅದರ ಒಂದು ಸ್ಥಾನ ಹೋಯಿತು. ಅದರ ಬೆನ್ನಿಗೇ, ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಮತಗಳೂ 29ರಿಂದ 28ಕ್ಕೆ ಇಳಿದವು. ಕಡಿಮೆ ಬಿದ್ದವರು 89 ಜನ. ಸಾವಿರದ ಲೆಕ್ಕವಲ್ಲ, ಬರೀ ಎಂಬತ್ತೊಂಬತ್ತು: ಮದುವೆ ದಿಬ್ಬಣಕ್ಕೆ ಮಾಡಿದ ಎರಡು ಬಸ್ಸೂ ತುಂಬದಷ್ಟು ಜನ.

ಸಭೆಯಲ್ಲಿರುವುದು 435 ಸ್ಥಾನ. ದೇಶದಲ್ಲಿ ಒಂಬತ್ತು ಕೋಟಿ ಚಿಲ್ಲರೆ ಜನರಿದ್ದಾಗ ನಿಂತ ಅಂಕಿ ಅದು. 33 ಕೋಟಿ ದಾಟಿದರೂ ಅಷ್ಟೇ ಇದೆ. ಹಾಗಾಗಿ ಒಬ್ಬರಿಗೆ ಸಿಗಬೇಕಾದರೆ ಇನ್ನೊಬ್ಬರು ಕಳೆದುಕೊಳ್ಳಲೇಬೇಕು. ರಾಜ್ಯದ ಸ್ಥಾನಗಳಿಗೆ ಇಬ್ಬರು ಸೆನೆಟರ್‌ಗಳನ್ನು ಕೂಡಿಸಿದರೆ ಅದರ ಎಲೆಕ್ಟೋರಲ್ ಮತ.

ಮೊದಲು ಐವತ್ತೂ ರಾಜ್ಯಗಳಿಗೆ ಒಂದೊಂದು ಸ್ಥಾನ. ಉಳಿದ 385ಕ್ಕೆ ಪೈಪೋಟಿ. ಕೇಳುತ್ತಿರುವ ಸ್ಥಾನದ ಸಂಖ್ಯೆಯನ್ನು ಅದರ ಹಿಂದಿನ ಸಂಖ್ಯೆಯಿಂದ ಗುಣಿಸಿ, ವರ್ಗಮೂಲ ತೆಗೆದು, ಅದರಿಂದ ರಾಜ್ಯದ ಜನಸಂಖ್ಯೆಯನ್ನು ಭಾಗಿಸುತ್ತಾರೆ. ಭಾಗಲಬ್ಧ ಯಾರದು ದೊಡ್ಡದೋ ಮುಂದಿನ ಸ್ಥಾನ ಅವರದು. ಕಟ್ಟಕಡೆಯ, 435ನೆಯ ಸ್ಥಾನಕ್ಕೆ ಬರುವಾಗ ಮಿನ್ನೆಸೋಟ ತನ್ನ 8ನೆಯದನ್ನು ಕೇಳುತ್ತಿತ್ತು, ನ್ಯೂಯಾರ್ಕ್ ತನ್ನ 27ನೆಯದನ್ನು. ಹೊರದೇಶದಲ್ಲಿರುವ ಸರ್ಕಾರಿ ನೌಕರರನ್ನೂ ಸೇರಿಸಿ ಮಿನ್ನೆಸೋಟದ ಜನ 57,09,752, ಭಾಗಲಬ್ಧ 7,62,997. ನ್ಯೂಯಾರ್ಕಿನದು 2,02,15,751, ಭಾಗಲಬ್ಧ 7,62,994. ಮೂರರ ಅಂತರ! ಗಣತಿ ಯಾವ ದಿನದ್ದು ಎಂದರೆ 2020ರ ಏಪ್ರಿಲ್ 1ರದ್ದು, ನ್ಯೂಯಾರ್ಕ್ ಕೋವಿಡ್‌ನಿಂದ ತತ್ತರಿಸುತ್ತಿದ್ದಾಗ.

2000ದ ಗಣತಿಯಲ್ಲಿ ಇಂಥದ್ದೇ ಪೆಟ್ಟು ಯೂಟಾಗೆ ಬಿತ್ತು. ಒಂಬೈನೂರಕ್ಕೂ ಕಡಿಮೆ ಜನರ ಕೊರತೆಯಿಂದ ಸ್ಥಾನ ನಾರ್ತ್ ಕ್ಯಾರೊಲಿನಾ ಪಾಲಾಯಿತು. ಹೊರದೇಶದ ಸೈನಿಕರನ್ನು ಎಣಿಸುವಿರಿ, ಧರ್ಮಪ್ರಚಾರಕ್ಕೆ ಹೋದ ನಮ್ಮ ಸುಮಾರು 11,000 ಮಾರ್ಮನ್ ಹುಡುಗ ಹುಡುಗಿಯರನ್ನು ಯಾಕಿಲ್ಲ ಎಂದು ಯೂಟಾ ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತಿತು. ವಾದ ನನಗಂತೂ ನ್ಯಾಯವಾಗಿಯೇ ಕಾಣುತ್ತದೆ.

ಹೀಗೆ ಒಂದೊಂದೇ ಜಾರಿ, 1912ರಲ್ಲಿ 38 ಮತವಿದ್ದ ಪೆನ್ಸಿಲ್ವೇನಿಯಾಕ್ಕೆ ಇಂದು 19, ಸರಿಯಾಗಿ ಅರ್ಧ. 1940ರ ದಶಕದ ಕೊನೆಗೆ 8 ಇದ್ದ ಫ್ಲಾರಿಡಾಗೆ 30. ಎಂದೂ ಕಳೆದುಕೊಳ್ಳದ ಕ್ಯಾಲಿಫೋರ್ನಿಯಾ ಕೂಡ ಈ ಸಲ 55ರಿಂದ 54ಕ್ಕೆ ಇಳಿಯಿತು. (ನಾವು ಇದಕ್ಕೆ ತದ್ವಿರುದ್ಧ. ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಶಾಸಕರೊಬ್ಬರ ಮತದ ಮೌಲ್ಯ 131. ಅದು 1971ರ 2.93 ಕೋಟಿ ಜನರ ಲೆಕ್ಕ. 2011ಕ್ಕೇ ನಾವು 6.11 ಕೋಟಿ.)

ನಿಜವಾದ ತಮಾಷೆ ಬಂದದ್ದು 2022ರಲ್ಲಿ. ಜನಗಣತಿ ಇಲಾಖೆಯೇ ಮಾದರಿ ಸಮೀಕ್ಷೆಯಿಂದ ತನ್ನ ಎಣಿಕೆಯನ್ನು ತಾಳೆ ನೋಡಿತು. ಮಿನ್ನೆಸೋಟದಲ್ಲಿ ಶೇ 3.84, ನ್ಯೂಯಾರ್ಕಿನಲ್ಲಿ ಶೇ 3.44 ಹೆಚ್ಚೇ ಎಣಿಸಿದ್ದರಂತೆ. ಅಂದರೆ ಒಂದು ಕಡೆ ಎರಡು ಲಕ್ಷಕ್ಕೂ ಮಿಕ್ಕಿ, ಇನ್ನೊಂದು ಕಡೆ ಆರು ಲಕ್ಷಕ್ಕೂ ಮಿಕ್ಕಿ ಇಲ್ಲದ ತಲೆಗಳು. ಫ್ಲಾರಿಡಾದಲ್ಲಿ ಬಿಟ್ಟುಹೋದವರೇ ಶೇ 3.48. ಇಷ್ಟು ಲಕ್ಷ ಏರುಪೇರಿನ ಪಟ್ಟಿಯಲ್ಲಿ 89 ಜನರನ್ನು ಹಿಡಿದು ತೀರ್ಪು ಕೊಟ್ಟಿದ್ದರು. ಹಂಚಿಕೆ ಮಾತ್ರ ಬದಲಾಗಲಿಲ್ಲ. 2024ರಲ್ಲಿ ನ್ಯೂಯಾರ್ಕ್ 28 ಮತ ಹಾಕಿತು, ಮಿನ್ನೆಸೋಟ 10. 2028ರಲ್ಲೂ ಇದೇ ಲೆಕ್ಕ.