ಪ್ರವಾಸಕ್ಕೆ ಮೈಸೂರೇ ಬೇಕೆ? ಊರ ಮುಂದಿನ ಹೊಲ ಸಾಲದೆ?

ದಸರೆಯ ಸೂಟಿ ಮುಗಿದು ಸಾಲಿ ತೆರೆಯುವ ಹೊತ್ತಿಗೆ ನಮ್ಮ ನವಲಗುಂದ ಸೀಮೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು ಹಿಂಗಾರಿ ಬಿತ್ತಿಗೆ, ಇನ್ನೊಂದು ಸಾಲಿ ಪ್ರವಾಸ. ಮೊದಲನೆಯದಕ್ಕೆ ಹಸಿ ಬೇಕು, ಎರಡನೆಯದಕ್ಕೆ ರೊಕ್ಕ. ಬಸ್ಸು ಗೊತ್ತು ಮಾಡಿ ದೊಡ್ಡ ಹುಡುಗರು ಮೈಸೂರು, ಬೇಲೂರು ಎಂದು ಹೊರಡುತ್ತಾರೆ. ರೊಕ್ಕ ಕೊಡಲಾರದವರ ಮಕ್ಕಳು ಉಳಿಯುತ್ತಾರೆ. ಒಂದರಿಂದ ನಾಲ್ಕನೇ ಇಯತ್ತೆಯ ಸಣ್ಣವರಂತೂ ಲೆಕ್ಕಕ್ಕೇ ಇಲ್ಲ. "ಅವು ಸಣ್ಣವು, ಅವಕ್ಕೇನ ತಿಳೀತೈತ್ರಿ" ಎಂದು ಒಂದೇ ಮಾತಿಗೆ ಮುಗಿಸಿಬಿಡುತ್ತೇವೆ.

ಮುಟ್ಟಿ ನೋಡಿ ಕಲಿಯುವ ವಯಸ್ಸು ಅವರದೇ ಎಂಬುದನ್ನು ಮರೆಯುತ್ತೇವೆ. ಸರಕಾರದ ಕಾಗದದಲ್ಲಿ ಈ ಮಾತು ಹೊಸದೇನಲ್ಲ. ಕೈಕೆಲಸದಿಂದಲೇ ಕಲಿಕೆ ಎಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಹೇಳಿದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಸುರುವಾದ ನಲಿ-ಕಲಿ 2009-10ರಿಂದ ರಾಜ್ಯದ ಸರಕಾರಿ ಸಾಲಿಗಳಿಗೆಲ್ಲ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ಇಯತ್ತೆಯವರಿಗೆ ಹತ್ತು ದಿನ ಪಾಟೀಚೀಲವಿಲ್ಲದ ಕಲಿಕೆಯ ಮಾತಾಡಿತು. ಸಣ್ಣವರಿಗೆ ಒಂದು ದಿನವಾದರೂ ಬೇಡವೆ?

ಅದಕ್ಕೆ ನಮ್ಮಲ್ಲಿ ಹಿರಿಯರು ಹಾಕಿಕೊಟ್ಟ ದಾರಿಯೇ ಇದೆ. ಶೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು, ಚಕ್ಕಡಿ ಹೂಡಿ, ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಎಲ್ಲರೂ ಕೂಡಿ ಉಂಡು ಬರುವುದು. ಇದಕ್ಕಿಂತ ಬೇರೆ ಪ್ರವಾಸ ಯಾವುದು? ಹುಣ್ಣಿಮೆ ಸೂಟಿಯೊಳಗೆ ಬಂದರೆ ಸಾಲಿ ತೆರೆದ ಮೊದಲ ಶನಿವಾರವೇ ಆದೀತು.

ಹೊಲದಲ್ಲಿ ಕಲಿಯುವುದೇನು ಅನ್ನುತ್ತೀರಾ? ಒಂದು ಶೇಂಗಾ ಬಳ್ಳಿ ಕಿತ್ತು ಕೈಗೆ ಕೊಡಿರಿ. ಹೂವು ಮೇಲೆ, ಕಾಯಿ ಮಣ್ಣೊಳಗೆ. ಹೂ ಬಾಡಿದ ಮೇಲೆ ಸೂಜಿಯಂಥ ಎಳೆ ಕೆಳಗಿಳಿದು, ಮಣ್ಣು ಹೊಕ್ಕು ಕಾಯಿಗಟ್ಟುತ್ತದೆ. ಬಳ್ಳಿಗೆ ಎಷ್ಟು ಕಾಯಿ ಎಂದು ಎಣಿಸಿದರೆ ಅದೇ ಲೆಕ್ಕದ ತಾಸು. ಹಿಡಿ ಎರಿ ಮಣ್ಣು ಕಲಸಿ, ರೊಟ್ಟಿಯಂತೆ ತಟ್ಟಿ ಬಿಸಿಲಿಗಿಟ್ಟರೆ ನಾಲ್ಕು ದಿನಕ್ಕೆ ಬಿರುಕು ಬಿಡುತ್ತದೆ. ಹಸಿಯಾದಾಗ ಉಬ್ಬಿ, ಒಣಗಿದಾಗ ಬಿರಿಯುವ, ನೀರು ಹಿಡಿದಿಟ್ಟುಕೊಳ್ಳುವ ಈ ಮಣ್ಣಿನ ಗುಣದಿಂದಲೇ ಬಿಳಿಜೋಳ, ಕಡಲೆ ಚಳಿಗಾಲದಲ್ಲಿ ಮಳೆಯಿಲ್ಲದೆ ಬರುತ್ತವೆ. ಜೋಳದ ಕಾಳು ಒಂದೇ ಎಲೆಯಾಗಿ ಏಳುತ್ತದೆ, ಹೆಸರುಕಾಳು ಎರಡು ಬ್ಯಾಳಿ ಹೊತ್ತು ಏಳುತ್ತದೆ. ಒಡೆದ ಮಡಿಕೆಯಲ್ಲಿ ಎರಡನ್ನೂ ಊರಿದರೆ ವಾರದಲ್ಲಿ ಕಣ್ಣಾರೆ ಕಂಡೀತು.

ಪೇಟೆಯೊಳಗಿನ ಸಾಲಿಗೆ ಜಮಖಾನೆಯ ಮಗ್ಗ ಇದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ನವಲಗುಂದದ ಜಮಖಾನೆಯನ್ನು ಹೆಣ್ಣುಮಕ್ಕಳು ಮನೆಯೊಳಗೆ, ನೆಟ್ಟಗೆ ನಿಲ್ಲಿಸಿದ ಮಗ್ಗದ ಮೇಲೆ ನೇಯುತ್ತಾರೆ. ಎಳೆ ಎಣಿಸಿ ಎಣಿಸಿ ನವಿಲು, ಪಗಡೆ ಹಾಸು ಮೂಡಿಸುವುದನ್ನು ಹುಡುಗರು ನೋಡಲಿ. ಅದು ಅವರ ಮನೆ, ಮ್ಯೂಜಿಯಮ್ ಅಲ್ಲ. ಮೊದಲೇ ಕೇಳಿ, ಎಂಟ್ಹತ್ತು ಮಕ್ಕಳಂತೆ ಹೋಗಬೇಕು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಇದೇ ದಿನಗಳಲ್ಲಿ ಉಳ್ಳಾಗಡ್ಡಿ ಕೀಳಲು, ಹತ್ತಿ ಬಿಡಿಸಲು ಹುಡುಗರು ಸಾಲಿ ತಪ್ಪಿಸುವುದು ಗುಟ್ಟೇನಲ್ಲ. "ಹೊಲಾ ಅವರು ದಿನಾ ನೋಡ್ತಾರ, ಮತ್ತ ತೋರಸೂದೇನ್ರಿ?" ಎಂದು ಕೇಳುವವರಿದ್ದಾರೆ. ಕೂಲಿ ಬೇರೆ, ಕಲಿಕೆ ಬೇರೆ. ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚಬಾರದೆಂದು 2016ರಲ್ಲಿ ತಿದ್ದಿದ ಕಾಯದೆ ಹೇಳುತ್ತದೆ. ಸಾಲಿ ವೇಳೆಯ ಹೊರಗೆ ಮನೆಯವರಿಗೆ ನೆರವಾಗುವುದಕ್ಕೆ ಅಲ್ಲಿ ವಿನಾಯಿತಿ ಇದೆ. ಆದರೆ ಮಗ್ಗಿ ತಪ್ಪಿದ್ದಕ್ಕೆ ಹಿಂದಿನ ಸಾಲಿನಲ್ಲಿ ಕೂತ ಹುಡುಗನಿಗೆ ಯಾವ ಹುಳ ಯಾವ ಬೆಳೆ ತಿನ್ನುತ್ತದೆ, ಕೂರಿಗೆಯ ತಾಳು ಎಷ್ಟು ಎಂಬುದು ಗೊತ್ತಿರುತ್ತದೆ. ಹೊಲಕ್ಕೆ ಹೋದ ದಿನ ಅವನು ಹೇಳಬೇಕು, ಮಾಸ್ತರು ಕೇಳಬೇಕು. ಆ ಒಂದು ದಿನದ ಮರ್ಯಾದೆ ಅವನನ್ನು ಸಾಲಿಯಲ್ಲಿ ಉಳಿಸಿದರೆ ಅದಕ್ಕಿಂತ ದೊಡ್ಡ ಲಾಭವೇನಿದೆ?

ಎಚ್ಚರಿಕೆ ಬೇಕೇ ಬೇಕು. ಮಳೆಯಾದ ಮರುದಿನ ಎರಿ ಹೊಲದ ಗೊಡವೆ ಬೇಡ. ಬೆಣ್ಣೆಹಳ್ಳದ ದಂಡೆಗೂ, ಬೇಲಿಯಿಲ್ಲದ ಕೃಷಿಹೊಂಡದ ಹತ್ತಿರಕ್ಕೂ ಕರೆದೊಯ್ಯಕೂಡದು. ಎಣ್ಣೆ ಹೊಡೆದ ಹತ್ತಿ ಹೊಲ ಬೇಡವೇ ಬೇಡ. ಕುಡಿಯುವ ನೀರು ಜೋಡಿ ಇರಲಿ, ಹತ್ತು ಹುಡುಗರಿಗೆ ಒಬ್ಬ ದೊಡ್ಡವರಿರಲಿ. ಬಿಸಿಲೇರುವ ಮೊದಲೇ ತಿರುಗಿ ಬರಲಿ.

ಇದಕ್ಕೆ ಬಸ್ಸು ಬೇಡ, ಪಟ್ಟಿ ಎತ್ತುವುದು ಬೇಡ. ಹೊಲ ಕೊಡುವ ಒಬ್ಬ ರೈತ, ಮನಸ್ಸು ಮಾಡುವ ಒಬ್ಬ ಅಕ್ಕೋರು ಸಾಕು. ತಾಲೂಕಿನ ಶಿಕ್ಷಣಾಧಿಕಾರಿಗಳೂ, ಎಸ್‌ಡಿಎಂಸಿಯ ಹಿರಿಯರೂ ಬರುವ ದಸರೆಯ ಸೂಟಿಗೆ ಮೊದಲೇ ಕೂತು ದಿನ ಗೊತ್ತುಮಾಡುವರೆ?