ಎರಡು ಫಿಲ್ಸ್ ಕರೆಂಟ್, ಬಿಸಿಲಿನ ಭರವಸೆ

ಕುವೈತಿ ಪ್ರಜೆಯ ಸ್ವಂತ ಮನೆಗೆ ಒಂದು ಯೂನಿಟ್ ಕರೆಂಟಿನ ದರ ಎರಡು ಫಿಲ್ಸ್. ನಮ್ಮ ಲೆಕ್ಕದಲ್ಲಿ ಒಂದು ರೂಪಾಯಿಯೂ ಇಲ್ಲ. 1966ರಲ್ಲಿ ನಿಗದಿಯಾದ ದರವಿದು. 2016ರಲ್ಲಿ ದರ ಏರಿಸಲು ಹೊರಟಾಗಲೂ ಸಂಸತ್ತು ಪ್ರಜೆಗಳ ಮನೆಗಳನ್ನು ಮುಟ್ಟಲಿಲ್ಲ. ತೈಲ ನಾಡಿನ ಸಂಪತ್ತು, ಅಗ್ಗದ ಕರೆಂಟು ಅದರಲ್ಲಿ ತಮ್ಮ ಪಾಲು ಎಂಬ ಪ್ರಜೆಗಳ ನಂಬಿಕೆ ಅಷ್ಟು ಗಟ್ಟಿ.

ಬಾಡಿಗೆ ಫ್ಲ್ಯಾಟುಗಳಲ್ಲಿರುವ ಕನ್ನಡ ಕುಟುಂಬಗಳ ಕಥೆ ಬೇರೆ. ಎಷ್ಟೋ ಕಡೆ ಕರೆಂಟು ಬಾಡಿಗೆಯಲ್ಲೇ ಸೇರಿರುತ್ತದೆ. ಬಿಲ್ಲೇ ಕಾಣದವರಿಗೆ ಉಳಿತಾಯದ ಮಾತು ತಟ್ಟುವುದಾದರೂ ಹೇಗೆ?

ಸೌರ ವಿದ್ಯುತ್ತಿಗೆ ಬೇಕಾದ ಬಿಸಿಲಿಗಂತೂ ಇಲ್ಲಿ ಬರವಿಲ್ಲ. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈನಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು.

2030ರ ಹೊತ್ತಿಗೆ ಶೇ. 15ರಷ್ಟು ವಿದ್ಯುತ್ ನವೀಕರಿಸಬಹುದಾದ ಮೂಲಗಳಿಂದ ಎಂದು ಕುವೈತ್‌ನ ಆಗಿನ ಅಮೀರ್ ಶೇಖ್ ಸಬಾಹ್ 2012ರಲ್ಲಿ ದೋಹಾ ಹವಾಮಾನ ಸಮಾವೇಶದಲ್ಲಿ ಮಾತುಕೊಟ್ಟರು. 2019ರಲ್ಲಿ ಶಗಾಯಾ ಮರುಭೂಮಿಯಲ್ಲಿ ಅಂಥ ಮೂಲಗಳ 70 ಮೆಗಾವಾಟ್ ವಿದ್ಯುತ್ ಉದ್ಯಾನ ಉದ್ಘಾಟನೆಯಾಯಿತು. ಅಲ್ಲಿನ ಬಾಗಿದ ಕನ್ನಡಿಗಳು ಬಿಸಿಲನ್ನು ಕೊಳವೆಗಳ ಮೇಲೆ ಒಟ್ಟುಗೂಡಿಸುತ್ತವೆ. ಆ ಕಾವು ಕರಗಿದ ಉಪ್ಪಿನಲ್ಲಿ ಉಳಿದು, ಸೂರ್ಯ ಮುಳುಗಿದ ಮೇಲೂ ಗಂಟೆಗಟ್ಟಲೆ ವಿದ್ಯುತ್ ಕೊಡುತ್ತದೆ. ನೋಡಿದರೆ ಯಾರಿಗಾದರೂ ನಂಬಿಕೆ ಬರುವ ಕೆಲಸ!

ಆದರೆ 2020ರಲ್ಲಿ ದೊಡ್ಡ ದಬ್ದಬಾ ಸೌರ ಯೋಜನೆ ರದ್ದಾಯಿತು. 2024ರ ಜೂನ್‌ನಲ್ಲಿ ತೈಲದ ನಾಡಿನಲ್ಲೇ ಸರದಿಯ ಮೇಲೆ ಕರೆಂಟು ತೆಗೆಯಬೇಕಾಯಿತು. ಜನರ ವಿಶ್ವಾಸ ಘೋಷಣೆಗಳಿಂದ ಬರುವುದಿಲ್ಲ, ಮುಗಿದ ಕಾಮಗಾರಿಗಳಿಂದ ಬರುತ್ತದೆ.

ಕುವೈತ್‌ನ ಕನ್ನಡಿಗರೇ, ಬೇಸಿಗೆಯಲ್ಲಿ ಬೆಳಗ್ಗೆ 11ರಿಂದ ಸಂಜೆ 5ರವರೆಗೆ ವಿದ್ಯುತ್ ಹೊರೆ ಅತಿ ಹೆಚ್ಚು. ಬಿಲ್ ನಿಮ್ಮ ಕೈಗೆ ಬಾರದಿದ್ದರೂ, ಆ ಹೊತ್ತಿನಲ್ಲಿ ಖಾಲಿ ಕೋಣೆಯ ಎಸಿ ಆರಿಸಿ.