ಟೇಕಾಫ್ ಆದ ಕೂಡಲೇ ಎಂಜಿನ್ ಕೈಕೊಟ್ಟರೆ ಪೈಲಟ್ ರನ್‌ವೇಗೆ ಏಕೆ ಹಿಂತಿರುಗಬಾರದು?

2015ರ ಮಾರ್ಚ್ 5. ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಎರಡನೇ ಮಹಾಯುದ್ಧ ಕಾಲದ ತಮ್ಮ ಪುಟ್ಟ ವಿಮಾನದಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಿಂದ ಹೊರಟಿದ್ದರು. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಎಂಜಿನ್ ಶಕ್ತಿ ಕಳೆದುಕೊಂಡಿತು. ರನ್‌ವೇಯತ್ತ ತಿರುಗಿದರೂ ಅಲ್ಲಿಗೆ ತಲುಪಲಾಗದು ಎಂಬುದು ಅವರಿಗೆ ಬೇಗನೆ ಅರಿವಾಯಿತು. ಹತ್ತಿರದ ಗಾಲ್ಫ್ ಮೈದಾನದಲ್ಲಿ ವಿಮಾನ ಇಳಿಸಿದರು. ಗಂಭೀರ ಗಾಯಗಳಾದವು, ಆದರೆ ಜೀವ ಉಳಿಯಿತು. ಕಾರ್ಬ್ಯುರೇಟರ್‌ನ ಸಣ್ಣ ಬಿಡಿಭಾಗವೊಂದು ಸಡಿಲಗೊಂಡಿತ್ತು ಎಂಬುದು ತನಿಖೆಯಲ್ಲಿ ಗೊತ್ತಾಯಿತು.

ಬೆನ್ನ ಹಿಂದೆಯೇ ರನ್‌ವೇ ಇರುವಾಗ ಅಲ್ಲಿಗೇ ಮರಳೋಣ ಎನಿಸುವುದು ಸಹಜ. ಆದರೆ ಒಂದೇ ಎಂಜಿನ್‌ನ ಸಣ್ಣ ವಿಮಾನಗಳಲ್ಲಿ ಈ ಸಹಜ ಯೋಚನೆಯೇ ಅನೇಕರ ಜೀವ ತೆಗೆದಿದೆ. ವೈಮಾನಿಕ ವಲಯದಲ್ಲಿ ಇದಕ್ಕೆ 'ಅಸಾಧ್ಯ ತಿರುವು' ಎಂಬ ಹೆಸರೇ ಇದೆ.

ಲೆಕ್ಕ ಏನು ಹೇಳುತ್ತದೆ?

ತರಬೇತಿಗೆ ಹೆಚ್ಚು ಬಳಕೆಯಾಗುವ ಸೆಸ್ನಾ 172 ವಿಮಾನವನ್ನೇ ನೋಡೋಣ. ಎಂಜಿನ್ ನಿಂತರೂ ಅದು ಕಲ್ಲಿನಂತೆ ಬೀಳುವುದಿಲ್ಲ. ಗಂಟೆಗೆ ಸುಮಾರು 120 ಕಿ.ಮೀ. ವೇಗ ಕಾಯ್ದುಕೊಂಡರೆ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು 9 ಅಡಿ ಮುಂದೆ ತೇಲುತ್ತದೆ. ಅಂದರೆ ನಿಮಿಷಕ್ಕೆ ಸುಮಾರು 700 ಅಡಿ ಎತ್ತರ ಕಳೆದುಕೊಳ್ಳುತ್ತದೆ.

ಸೆಕೆಂಡಿಗೆ 3 ಡಿಗ್ರಿಯಂತೆ ಸಾಮಾನ್ಯ ತಿರುವು ತೆಗೆದುಕೊಂಡರೆ ಪೂರ್ತಿ ಹಿಮ್ಮುಖವಾಗಲು ಒಂದು ನಿಮಿಷ ಬೇಕು. 500 ಅಡಿ ಎತ್ತರದಲ್ಲಿದ್ದರೆ ತಿರುವು ಮುಗಿಯುವ ಮೊದಲೇ ನೆಲ ಬಂದಿರುತ್ತದೆ. ಮುಗಿದರೂ ವಿಮಾನ ರನ್‌ವೇಯ ನೇರಕ್ಕೆ ಇರುವುದಿಲ್ಲ, ಪಕ್ಕಕ್ಕೆ ಸರಿದಿರುತ್ತದೆ. ನೇರಕ್ಕೆ ತರಲು ಮತ್ತಷ್ಟು ತಿರುಗಬೇಕು.

ಹಾಗಾದರೆ ವಿಮಾನವನ್ನು ಇನ್ನಷ್ಟು ಓರೆ ಮಾಡಿ ಬೇಗ ತಿರುಗಿಸಬಹುದಲ್ಲ? ಅಪಾಯ ಇರುವುದೇ ಅಲ್ಲಿ. ಎತ್ತರ ಉಳಿಸಿಕೊಳ್ಳುವ ಆತುರದಲ್ಲಿ 45 ಡಿಗ್ರಿ ಓರೆಯಾಗಿ ಬಿಗಿಯಾಗಿ ತಿರುಗಿಸಿದರೆ, ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ 'ಸ್ಟಾಲ್' ವೇಗ ಶೇ 19ರಷ್ಟು ಹೆಚ್ಚುತ್ತದೆ. 60 ಡಿಗ್ರಿಯಲ್ಲಿ ಶೇ 41ರಷ್ಟು. ಅಷ್ಟು ಕೆಳಗೆ ಸ್ಟಾಲ್ ಆದರೆ ಸಾವರಿಸಿಕೊಳ್ಳಲು ಎತ್ತರವೇ ಇರುವುದಿಲ್ಲ.

ಗಾಳಿಯೂ ಒಂದು ಕಾರಣ. ಟೇಕಾಫ್ ಆಗುವುದು ಎದುರುಗಾಳಿಗೆ. ಗಂಟೆಗೆ 20 ಕಿ.ಮೀ. ಗಾಳಿಯಿದ್ದಾಗ ನೇರ ಮುಂದಕ್ಕೆ ಇಳಿದರೆ ನೆಲ ಮುಟ್ಟುವ ವೇಗ 100 ಕಿ.ಮೀ. ಹಿಂತಿರುಗಿ ಇಳಿದರೆ 140 ಕಿ.ಮೀ. ಅಪ್ಪಳಿಸುವ ಶಕ್ತಿ ಹೆಚ್ಚೂಕಡಿಮೆ ಎರಡು ಪಟ್ಟು!

ಪೈಲಟ್ ಮಾಡಬೇಕಾದ್ದು ಏನು?

* ರನ್‌ವೇ ಇನ್ನೂ ಮುಂದೆ ಉಳಿದಿದ್ದರೆ ಥ್ರಾಟಲ್ ಮುಚ್ಚಿ ಅಲ್ಲೇ ಇಳಿಯಬೇಕು.
* ಉಳಿದಿಲ್ಲದಿದ್ದರೆ ತಕ್ಷಣ ಮೂತಿಯನ್ನು ಕೆಳಗಿಳಿಸಬೇಕು. ಏರುತ್ತಿರುವ ವಿಮಾನದ ವೇಗ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತದೆ.
* ಎದುರಿಗೆ, ಅಥವಾ ಎಡಬಲಕ್ಕೆ ತುಸುವೇ ತಿರುಗಿದರೆ ಸಿಗುವ ಹೊಲ, ಮೈದಾನ ಆರಿಸಿಕೊಳ್ಳಬೇಕು.
* ಸಮಯವಿದ್ದರೆ ಮಾತ್ರ ಇಂಧನ, ಇಗ್ನಿಷನ್ ಪರೀಕ್ಷಿಸಿ 'ಮೇಡೇ' ಕರೆ ನೀಡಬೇಕು.
* ನೆಲ ಮುಟ್ಟುವ ಮೊದಲು ಇಂಧನ, ವಿದ್ಯುತ್ ಕಡಿತಗೊಳಿಸಿ, ಬಾಗಿಲಿನ ಚಿಲಕ ತೆಗೆದಿಡಬೇಕು.

ವಿಮಾನ ಜಖಂ ಆದರೂ ಚಿಂತೆಯಿಲ್ಲ, ಒಳಗಿರುವವರು ಉಳಿಯಬೇಕು ಎಂಬುದೇ ಇದರ ಹಿಂದಿನ ತತ್ವ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊನ್ನಿಹಾಳ ಬಳಿಯ ಹೊಲದಲ್ಲಿ ಇಳಿಯಿತು. ಅದರಲ್ಲಿದ್ದ ಇಬ್ಬರೂ ಬದುಕುಳಿದರು.

ಎತ್ತರ ಸಾಕಷ್ಟಿದ್ದರೆ ಹಿಂತಿರುಗುವುದು ಸಾಧ್ಯ. ಎಷ್ಟು ಎತ್ತರ ಬೇಕು ಎಂಬುದು ವಿಮಾನ, ಅದರ ಭಾರ, ಗಾಳಿ ಮತ್ತು ಪೈಲಟ್‌ನ ಅಭ್ಯಾಸವನ್ನು ಅವಲಂಬಿಸಿದೆ. ಆ ಎತ್ತರವನ್ನು ಎಂಜಿನ್ ನಿಂತ ಮೇಲೆ ಲೆಕ್ಕ ಹಾಕಲು ಆಗದು. ಹಾಗಾಗಿಯೇ ಪ್ರತಿ ಟೇಕಾಫ್‌ಗೂ ಮುನ್ನ ಪೈಲಟ್ 'ಇಷ್ಟು ಎತ್ತರದೊಳಗೆ ಎಂಜಿನ್ ನಿಂತರೆ ನೇರ ಮುಂದಕ್ಕೇ ಇಳಿಯುತ್ತೇನೆ' ಎಂದು ಬಾಯಿಬಿಟ್ಟು ಹೇಳಿಕೊಳ್ಳುವ ಪರಿಪಾಠವಿದೆ.

ಆದರೆ ಮುಂದೆ ಬಯಲು ಇರಬೇಕಲ್ಲ? ಬೆಂಗಳೂರಿನ ಜಕ್ಕೂರಿನಂತಹ ಹಳೆಯ ವಾಯುನೆಲೆಗಳ ಸುತ್ತ ಈಗ ಕಟ್ಟಡಗಳೇ ತುಂಬಿವೆ. ರನ್‌ವೇ ಆಚೆಗಿನ ಖಾಲಿ ಜಾಗ ಸಣ್ಣ ವಿಮಾನದ ಪಾಲಿಗೆ ಕೊನೆಯ ರಕ್ಷಾಕವಚ ಎಂಬುದನ್ನು ನಗರ ಯೋಜಕರೂ ಮರೆಯಬಾರದು.